ಹೋಟೆಲ್ ಆಟದ ಕ್ಯಾಸೆಟ್

ಹಳೆಯ ಟೇಪ್ ರೆಕಾರ್ಡರಿನ ಬೆಲ್ಟ್ ಸಾಯುವ ರೀತಿ ನನಗೆ ಹಿಡಿಸುವುದಿಲ್ಲ. ಬೇರೆ ಭಾಗಗಳು ಮರ್ಯಾದೆಯಿಂದ ಸಾಯುತ್ತವೆ. ಒಂದು ದಿನ ಕೆಲಸ ನಿಲ್ಲಿಸುತ್ತವೆ, ಅಷ್ಟೆ. ಈ ರಬ್ಬರ್ ಬೆಲ್ಟ್ ಮಾತ್ರ ಕರಗಿ ಡಾಂಬರಿನಂತಾಗಿ, ಮುಟ್ಟಿದವರ ಬೆರಳು, ಆ ಬೆರಳು ಮುಟ್ಟಿದ ಬಾಗಿಲ ಚಿಲಕ, ಸೆರಗು, ಎಲ್ಲವನ್ನೂ ಹೊಲಸು ಮಾಡಿ ಹೋಗುತ್ತದೆ. ಅಣ್ಣನ ಟೇಪ್ ರೆಕಾರ್ಡರ್ ಬಿಚ್ಚಿದ ದಿನ ಆ ಕಪ್ಪು ನನ್ನ ಕನ್ನಡಕದ ಕಡ್ಡಿಗೆ ಹತ್ತಿತು. ಸ್ಪಿರಿಟ್ ಹಾಕಿ ಎಷ್ಟು ಉಜ್ಜಿದರೂ ಒಂದು ಕಲೆ ಉಳಿದುಕೊಂಡಿದೆ.

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನಾನೊಬ್ಬಳೇ ಇರುವ ಮನೆಯಲ್ಲಿ, ಅಡುಗೆಯ ಕಟ್ಟೆಗಿಂತ ಉದ್ದವಾಗಿರುವುದು ನನ್ನ ರಿಪೇರಿ ಮೇಜು. ಟಿವಿ ಕಂಪನಿಯೊಂದರ ಸರ್ವಿಸ್ ವಿಭಾಗದಲ್ಲಿ ನಿವೃತ್ತಿಯ ತನಕ ಬೆಸುಗೆ ಕಡ್ಡಿ ಹಿಡಿದವಳು ನಾನು. ಈಗ ಜನ ಹಳೆಯ ಹೋಮ್ ಕಂಪ್ಯೂಟರ್, ವಿಡಿಯೋ ಗೇಮಿನ ಡಬ್ಬಗಳನ್ನು ಹುಡುಕಿಕೊಂಡು ತರುತ್ತಾರೆ. ನಲವತ್ತು ದಾಟಿದ ಗಂಡಸರೇ ಹೆಚ್ಚು. ಚಿಕ್ಕಂದಿನಲ್ಲಿ ಆಡಿದ ಗೇಮ್ ಆಂಟಿ, ಹೇಗಾದರೂ ಮಾಡಿ, ಎನ್ನುತ್ತಾರೆ. ಗೇಮಿನ ಕಾರ್ಟ್ರಿಜ್ ಓಡದಿದ್ದರೆ ಬಾಯಿಂದ ಊದುವುದು ಇವರೆಲ್ಲರೂ ಕಲಿತ ವಿದ್ಯೆ. ಊದಿ ಊದಿ, ಎಂಜಲಿನಿಂದ ಒಳಗಿನ ತಾಮ್ರವೆಲ್ಲ ಹಸಿರುಗಟ್ಟಿರುತ್ತದೆ. ನಾನು ಬೈಯುತ್ತೇನೆ. ಅವರು ತಲೆ ತಗ್ಗಿಸಿಕೊಂಡು ಬೈಸಿಕೊಳ್ಳುತ್ತಾರೆ. ಬಿಡಿಭಾಗ ಬೇಕಾದರೆ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಹೋಗುತ್ತೇನೆ, ಅಲ್ಲಿ ಸಿಗದಿದ್ದರೆ ಧಾರಾವಿಯಲ್ಲಿ ಗುಜರಿ ಬೋರ್ಡುಗಳನ್ನು ಬೇರ್ಪಡಿಸುವವರ ಹತ್ತಿರ ಕೂತು ರಾಶಿ ಕೆದಕುತ್ತೇನೆ. ಆದರೆ 'ಆಗುವುದಿಲ್ಲ' ಎಂದು ಯಂತ್ರ ವಾಪಸು ಕೊಟ್ಟವಳಲ್ಲ. ಇದು ಜಂಬವೇ, ಇಲ್ಲವೆನ್ನುವುದಿಲ್ಲ.

ಇನ್ನೊಂದು ಪದ್ಧತಿ ನಮ್ಮ ಸರ್ವಿಸ್ ವಿಭಾಗದಿಂದ ಬಂದದ್ದು. ವೇಗವನ್ನೋ ದನಿಯನ್ನೋ ಸರಿಪಡಿಸುವ ಸಣ್ಣ ಸ್ಕ್ರೂಗಳಿರುತ್ತವಲ್ಲ, ಅವನ್ನು ಸರಿಯಾದ ಜಾಗಕ್ಕೆ ತಿರುಗಿಸಿದ ಮೇಲೆ ತಲೆಯ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿಡುತ್ತೇವೆ. ಅಲುಗಾಟಕ್ಕೆ ಸ್ಕ್ರೂ ಜರುಗಬಾರದು ಎಂಬುದು ಒಂದು ಕಾರಣ. ಮುಂದೆ ಬಿಚ್ಚುವವನಿಗೆ, ಇದು ಸರಿ ಇದೆ, ಕೈ ಹಾಕಬೇಡ ಎಂದು ಹೇಳುವುದು ಇನ್ನೊಂದು. ನಾನು ಹುಟ್ಟಿದಾರಭ್ಯ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಆದರೂ ನನ್ನ ಮೇಜಿನ ಖಾನೆಯಲ್ಲಿ ಕೆಂಪು ಶೀಶೆಯೊಂದು ಯಾವಾಗಲೂ ಇರುತ್ತದೆ. ಅದನ್ನು ನೋಡಿ ಅತ್ತಿಗೆ ತಮಾಷೆ ಮಾಡುತ್ತಿದ್ದರು. "ಯಾರಿಗೆ ತೋರಿಸ್ಲಿಕ್ಕೆ ಮಾರಾಯ್ತಿ ಈ ಸಿಂಗಾರ?"

ಅಣ್ಣ ಅತ್ತಿಗೆಯದು ನಮ್ಮ ಪ್ಯಾಸೇಜಿನ ಆ ತುದಿಯ ಮನೆ. ಇಬ್ಬರೇ. ಅಣ್ಣ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಸಪ್ಲೈಯರ್ ಆಗಿ, ಆಮೇಲೆ ಗಲ್ಲಾದ ಮೇಲೆ ಕೂತವನು. ಸಪ್ಲೈಯರ್ ಆಗಿದ್ದಾಗ ಅವನು ಟೇಬಲ್ಲಿನಿಂದ ಅಡುಗೆಮನೆಗೆ ಆರ್ಡರ್ ಕೂಗುತ್ತಿದ್ದ ರೀತಿಗೆ ಗಿರಾಕಿಗಳು ತಿರುಗಿ ನೋಡುತ್ತಿದ್ದರಂತೆ. ಸಣ್ಣ ದನಿ, ಆದರೆ ಗಂಟೆಯ ಹಾಗೆ ಸ್ಪಷ್ಟ. ಆ ಹೋಟೆಲಿಗೆ ದಿನಾ ಬರುತ್ತಿದ್ದ, ಹಡಗಿನಲ್ಲಿ ಕೆಲಸಕ್ಕಿದ್ದ ಗಿರಾಕಿಯೊಬ್ಬ ವಿದೇಶದಿಂದ ತಂದ ಪುಟ್ಟ ಕಂಪ್ಯೂಟರನ್ನು ಅಣ್ಣನಿಗೆ ಮಾರಿದ. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ರಬ್ಬರಿನ ಕೀಲಿಗಳು. ಟಿವಿಗೆ ಸೇರಿಸಿದರೆ ಪರದೆ, ಟೇಪ್ ರೆಕಾರ್ಡರಿಗೆ ಸೇರಿಸಿದರೆ ನೆನಪು. ಬರೆದ ಪ್ರೋಗ್ರಾಮು ಕೀಚಲು ಸದ್ದಾಗಿ ಕ್ಯಾಸೆಟ್ಟಿನಲ್ಲಿ ಕೂರುತ್ತಿತ್ತು. ಮತ್ತೆ ಬೇಕಾದಾಗ ಆ ಸದ್ದನ್ನೇ ಕಂಪ್ಯೂಟರಿಗೆ ಕೇಳಿಸಬೇಕು. ಎಂಟನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಅಣ್ಣ, ನನ್ನ ಡಿಪ್ಲೊಮಾ ಪುಸ್ತಕಗಳನ್ನು ಕದ್ದು ಓದಿ, ಅದರಲ್ಲಿ ಒಂದು ಆಟ ಬರೆದ. ಟೇಬಲ್ಲುಗಳ ನಡುವೆ ಸಪ್ಲೈಯರ್ ಒಬ್ಬ ಕಾಫಿ ಹಿಡಿದು ಓಡಬೇಕು. ಧಣಿಗೆ ಡಿಕ್ಕಿ ಹೊಡೆದರೆ ಕಾಫಿ ಚೆಲ್ಲುತ್ತದೆ, ಆಟ ಮುಗಿಯಿತು.

ಒಂದೇ ಕ್ಯಾಸೆಟ್ಟಿನಲ್ಲಿ ಹಲವು ಪ್ರೋಗ್ರಾಮು ಇರುತ್ತಿದ್ದವು. ಕಿವಿಗೆ ಎಲ್ಲವೂ ಒಂದೇ ಕೀಚಲು. ಅದಕ್ಕೆ ಆಗಿನವರು ಒಂದು ಉಪಾಯ ಮಾಡುತ್ತಿದ್ದರು. ಪ್ರೋಗ್ರಾಮು ಹಾಕುವ ಮುಂಚೆ ಅದರ ಹೆಸರನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುವುದು. ಆಮೇಲೆ ಹುಡುಕುವಾಗ ಕಂಪ್ಯೂಟರಿಗೆ ಹೋಗುವ ತಂತಿ ಕಿತ್ತು ಸ್ಪೀಕರಿನಲ್ಲಿ ಕೇಳಬೇಕು, ಹೆಸರು ಬಂದ ಕೂಡಲೇ ತಂತಿ ಚುಚ್ಚಬೇಕು. ತಂತಿ ಚುಚ್ಚಿದರೆ ಸ್ಪೀಕರ್ ಬಾಯಿ ಮುಚ್ಚುತ್ತದೆ. ಅಣ್ಣ ಮದುವೆಗೆ ಮುಂಚೆ ಮಾಡಿಟ್ಟ ಕ್ಯಾಸೆಟ್ಟಿನಲ್ಲಿ ಹಾಗೆ ಅವನ ದನಿ ಇತ್ತು.

ಅವನ ದನಿ ಬೇರೆಲ್ಲೂ ಇರಲಿಲ್ಲ. ಹೋಟೆಲಿನಲ್ಲಿ ಗಲ್ಲಾಕ್ಕೆ ಬಂದ ಮೇಲೆ, ಅವನಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಡಾಕ್ಟರು ಪ್ರಾಣ ಉಳಿಸಿ ಧ್ವನಿಪೆಟ್ಟಿಗೆ ತೆಗೆದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಆಗಿನ ಮೊಬೈಲಿನಲ್ಲಿ ಮಾತಾಡಬಹುದಿತ್ತೇ ಹೊರತು ಮಾತು ಹಿಡಿದಿಡಲು ಬರುತ್ತಿರಲಿಲ್ಲ. ಮದುವೆಯ ವಿಡಿಯೋ ಇದೆ. ಅದರ ತುಂಬ ಸ್ಟುಡಿಯೋದವನು ಸಿನಿಮಾ ಹಾಡು ತುಂಬಿದ್ದಾನೆ. ಅಣ್ಣ ಬಾಯಿ ತೆರೆದು ಏನೋ ಹೇಳಿ ನಗುತ್ತಾನೆ, ಕೇಳುವುದು ಹಾಡು. ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದರು. ಅಣ್ಣ ಅದನ್ನು ಒಂದೇ ಸಲ ಹಿಡಿದು ಅತ್ತಿಗೆಯನ್ನು ಕರೆದ. ಜೀರುಂಡೆ ಕೂಗಿದಂತಿತ್ತು. ಅತ್ತಿಗೆಯ ಮುಖ ನೋಡಿ, ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟ. ಅಂದಿನಿಂದ ಆ ಮನೆಯಲ್ಲಿ ಚಪ್ಪಾಳೆಯೇ ಮಾತು. "ನನ್ನನ್ನು ಟ್ಯಾಕ್ಸಿ ಕರೆದ ಹಾಗೆ ಕರೀತಾರೆ ನೋಡು," ಎಂದು ಅತ್ತಿಗೆ ನಗುತ್ತಾ ಹೇಳುತ್ತಿದ್ದರು. ಅತ್ತಿಗೆ ನಗುತ್ತಾ ಹೇಳಿದ್ದನ್ನು ನಾನು ನಗು ಎಂದೇ ತಿಳಿದಿದ್ದೆ.

ಒಂದು ಬೆಳಿಗ್ಗೆ ಅವರು ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಕಂಪ್ಯೂಟರ್, ಟೇಪ್ ರೆಕಾರ್ಡರ್, ಕ್ಯಾಸೆಟ್, ಎಲ್ಲದರ ಮೇಲೂ ಧೂಳು. ನಿಂತೇ ಮಾತಾಡಿದರು.

"ಇದ್ರಲ್ಲಿ ಅವರ ಸ್ವರ ಉಂಟಂತೆ. ಅವರೇ ಫೋನಲ್ಲಿ ಟೈಪ್ ಮಾಡಿ ತೋರಿಸಿದ್ರು."

"ಉಂಟು. ಈಗೆಂತ ಅವಸರ?"

"ನಿನ್ನೆ ಕನಸಲ್ಲಿ ಮಾತಾಡಿದ್ರು. ಎಷ್ಟು ವರ್ಷ ಆದ್ಮೇಲೆ. ಊಟ ಆಯ್ತಾ ಅಂತ ಕೇಳಿದ್ರು." ಸೆರಗಿನಿಂದ ಕಂಪ್ಯೂಟರಿನ ಧೂಳು ಒರೆಸತೊಡಗಿದರು. "ಸ್ವರ ಮಾತ್ರ ನಮ್ಮ ವಾಚ್‌ಮನ್‌ದು. ಬೇರೆ ಸ್ವರ ನಂಗೆ ಸಿಗ್ಲೇ ಇಲ್ಲ ಕನಸಲ್ಲಿ. ನಾನು ಅವರ ಸ್ವರ ಮರೆತು ಹೋಗಿದ್ದೇನಾ ಅಂತ ಹೆದರಿಕೆ ಆಗ್ತದೆ."

ನಾನು ಅವರನ್ನು ಕೂರಿಸಿ ಚಹಾ ಮಾಡಿ ಕೊಟ್ಟೆ. ಸರಿಮಾಡಿ ಕೊಡುತ್ತೇನೆ ಎಂದೆ. ನನಗೆ ಬರುವುದು ಅದೊಂದೇ ಸಮಾಧಾನ.

ದನಿ ಕೇಳಲು ಟೇಪ್ ರೆಕಾರ್ಡರ್ ಒಂದಿದ್ದರೆ ಸಾಕು, ಕಂಪ್ಯೂಟರ್ ಏಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಕರಗಿದ ಬೆಲ್ಟಿನ ಬದಲಿಗೆ ಹೊಸದು ಹಾಕಿದರೆ ಟೇಪ್ ಓಡುವ ವೇಗ ಮೊದಲಿನದೇ ಇರುವುದಿಲ್ಲ. ಮೋಟಾರೂ ಮುದಿಯಾಗಿದೆ. ವೇಗ ಹೆಚ್ಚಾದರೆ ದನಿ ಕೀರಲಾಗುತ್ತದೆ, ಕಡಿಮೆಯಾದರೆ ದಪ್ಪಗಾಗುತ್ತದೆ. ಸರಿಯಾದ ವೇಗ ಯಾವುದೆಂದು ಹೇಳಬಲ್ಲದ್ದು ಆ ಕಂಪ್ಯೂಟರ್ ಮಾತ್ರ. ಕೀಚಲು ಸದ್ದು ತಕ್ಕ ವೇಗದಲ್ಲಿ ಹೋದರೆ ಆಟ ತೆರೆದುಕೊಳ್ಳುತ್ತದೆ, ತೀರ ತಪ್ಪಿದರೆ ಇಲ್ಲ. ಅದಕ್ಕೆ ಮರೆವಿಲ್ಲ, ಆಸೆಯೂ ಇಲ್ಲ. ಹಾಗಾಗಿ ನಾನು ಅದನ್ನು ಮೊದಲು ಎಬ್ಬಿಸಲು ಹೊರಟೆ. ಊದಿಕೊಂಡು ಸೋರಿದ್ದ ಕೆಪಾಸಿಟರುಗಳನ್ನು ಬದಲಿಸಿದೆ. ಕೀಲಿಗಳ ಕೆಳಗಿನ ತೆಳು ಪಟ್ಟಿ, ಹಪ್ಪಳದಂತೆ ಒಣಗಿದ್ದದ್ದು, ಮುಟ್ಟಿದ ಕೂಡಲೇ ಮುರಿಯಿತು. ಅದನ್ನೂ ಹೊಸತು ತರಿಸಿದೆ. ಈಗಿನ ಟಿವಿಗೆ ಸೇರುವಂತೆ ಒಳಗೆ ಒಂದು ತಂತಿ ಬೆಸೆದೆ. ಅಣ್ಣ ದಿನಾ ಬಂದು ನನ್ನ ಎದುರಿನ ಸ್ಟೂಲಿನಲ್ಲಿ ಕೂರುತ್ತಿದ್ದ. ಬೆಸುಗೆಯ ಹೊಗೆ ಅವನ ಕುತ್ತಿಗೆಯ ತೂತಿಗೆ ಹೋಗಬಾರದೆಂದು ನಾನು ಟೇಬಲ್ ಫ್ಯಾನನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕೆಮ್ಮುತ್ತಿದ್ದೆ. ಅದಕ್ಕೆ ಅವನು ನಗುತ್ತಿದ್ದ. ಅವನ ನಗುವಿಗೂ ಸದ್ದಿರಲಿಲ್ಲ. ಹೆಗಲು ಮಾತ್ರ ಕುಣಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬಿಳಿ ಪರದೆ ಬಂತು. ಕ್ಯಾಸೆಟ್ ಹಾಕಿ ಬಟನ್ ಒತ್ತಿದೆ. ಸರ ಸರ ಎನ್ನುವ ಸದ್ದಿನೊಳಗಿಂದ ಒಬ್ಬ ಹುಡುಗನ ದನಿ ಬಂತು. "ಹೋಟೆಲ್ ಆಟ. ಸುರು. ಅಮ್ಮ, ಸ್ವಲ್ಪ ಆ ಕುಕ್ಕರ್ ಇಳಿಸಿ, ರೆಕಾರ್ಡ್ ಆಗ್ತಾ ಉಂಟು." ಹಿಂದೆ ಅಮ್ಮ ಏನೋ ಗೊಣಗಿದ್ದು ಕೇಳಿಸಿತು, ಏನೆಂದು ತಿಳಿಯಲಿಲ್ಲ. ಅಮ್ಮ ಸತ್ತು ಎಷ್ಟೋ ಕಾಲವಾಗಿದೆ. ತಂತಿ ಚುಚ್ಚುವುದನ್ನು ಮರೆತು ನಾನು ಸ್ಪೀಕರಿಗೆ ಕಿವಿ ಕೊಟ್ಟೆ. ಅಣ್ಣನ ಕೈ ಮಾತ್ರ ತಾನೇ ತಾನಾಗಿ ಮುಂದೆ ಬಂದು, ಕೀಚಲು ಸುರುವಾಗುವ ಹೊತ್ತಿಗೆ ಸರಿಯಾಗಿ ತಂತಿ ಚುಚ್ಚಿತು. ಮೊದಲ ಸಲ ಆಟ ತೆರೆಯಲಿಲ್ಲ. ಮೋಟಾರಿನ ಬೆನ್ನಿನಲ್ಲಿ ಒಂದು ತೂತು, ಅದರೊಳಗೆ ವೇಗದ ಸ್ಕ್ರೂ. ಅದನ್ನು ಅಷ್ಟಷ್ಟೇ ತಿರುಗಿಸಿ ಮತ್ತೆ ಮತ್ತೆ ಹಾಕಿದೆವು. ಕೊನೆಗೆ ಪರದೆಯ ಮೇಲೆ ಟೇಬಲ್ಲುಗಳು ಬಂದವು, ಪುಟ್ಟ ಸಪ್ಲೈಯರ್ ಬಂದ. ಅಣ್ಣ ಸ್ಟೂಲನ್ನು ಎಳೆದುಕೊಂಡು ಆಡಿದ. ಧಣಿಗೆ ಡಿಕ್ಕಿ ಹೊಡೆದು ಕಾಫಿ ಚೆಲ್ಲಿದಾಗ ನನ್ನ ಬೆನ್ನಿಗೆ ಗುದ್ದಿದ, ಚಿಕ್ಕಂದಿನಲ್ಲಿ ಗುದ್ದುತ್ತಿದ್ದ ಹಾಗೆಯೇ. ನಾನು ಶೀಶೆಯ ಮುಚ್ಚಳ ತಿರುಗಿಸಿ ಇಟ್ಟುಕೊಂಡೆ. ಒಂದು ಹನಿ ಬಿಟ್ಟರೆ ಕೆಲಸ ಮುಗಿಯಿತು.

ಅಣ್ಣ ಪ್ಯಾಸೇಜಿಗೆ ಹೋಗಿ ಚಪ್ಪಾಳೆ ತಟ್ಟಿದ. ಅತ್ತಿಗೆ ಸೀರೆ ಬದಲಿಸಿ, ತಲೆ ಬಾಚಿಕೊಂಡು ಬಂದರು. ಇದ್ದ ಬಟ್ಟೆಯಲ್ಲಿ ಬರಬಾರದು ಅನ್ನಿಸಿತಂತೆ. ನಾನು ಟೇಪ್ ಹಿಂದಕ್ಕೆ ಓಡಿಸಿ, ತಂತಿ ಕಿತ್ತು, ಹಾಕಿದೆ. ಹೋಟೆಲ್ ಆಟ. ಸುರು.

ಅತ್ತಿಗೆ ಕಾಯುತ್ತಲೇ ಇದ್ದರು. ಕೀಚಲು ಬಂದು ಹೋಯಿತು.

"ಇವರದ್ದು ಯಾವಾಗ ಬರುದು?" ಎಂದರು.

"ಇದೇ ಅತ್ತಿಗೆ. ಅಣ್ಣನದ್ದೇ."

ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ತಲೆ ಆಡಿಸಿದರು. "ಇದು ಯಾರೋ ಕಾಲೇಜು ಹುಡುಗನ ಸ್ವರ. ಅವರದ್ದು ಹೀಗೆ ಇರ್ಲಿಲ್ಲ. ಅವರದ್ದು ಕೆಳಗೆ ಇತ್ತು, ಭಾರ ಇತ್ತು. ನೀನೆಂತದೋ ತಪ್ಪು ಮಾಡಿದ್ದಿ ನೋಡು."

ನನ್ನ ಕೆಲಸಕ್ಕೆ ತಪ್ಪು ಎಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. "ತಪ್ಪಿಲ್ಲ. ಸರಿಯಾಗಿಯೇ ಸೆಟ್ ಮಾಡಿದ್ದೇನೆ. ಮದುವೆಗೆ ಮುಂಚಿನ ಸ್ವರ ನೀವು ಕೇಳಿದ್ದೀರಾ? ಇದೇ ಅವನ ಸ್ವರ. ಇದಕ್ಕಿಂತ ಸರಿ ಇನ್ನು ಇಲ್ಲ," ಎಂದೆ, ಕಂಪನಿಯ ಕೌಂಟರಿನಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ.

ಅತ್ತಿಗೆ ವಾದ ಮಾಡಲಿಲ್ಲ. ಕೂತಲ್ಲೇ ಸಣ್ಣಗಾದರು. ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡಿಕೊಂಡು, "ಹಾಗಾದ್ರೆ ನಾನು ಮರೆತದ್ದೇ ಹೌದು," ಎಂದರು. "ಒಂದೇ ಮನೇಲಿ ಇದ್ದುಕೊಂಡು ಮರೆತೆ."

ಆಗ ಅಣ್ಣ ನನ್ನ ಕೈಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡ. ಟೇಪನ್ನು ಹಿಂದಕ್ಕೆ ಓಡಿಸಿ ಬಟನ್ ಒತ್ತಿದ. ಸ್ಕ್ರೂಡ್ರೈವರನ್ನು ಮೋಟಾರಿನ ಬೆನ್ನಿನ ತೂತಿಗಿಟ್ಟು, ಕಣ್ಣನ್ನು ಅತ್ತಿಗೆಯ ಮುಖದ ಮೇಲಿಟ್ಟು, ತಿರುಗಿಸಿದ. ಹುಡುಗನ ದನಿ ಇಳಿಯಿತು. ಮತ್ತೆ ಹಿಂದಕ್ಕೆ, ಮತ್ತೆ ಇಳಿಸಿದ. ಅತ್ತಿಗೆಯ ಮುಖದಲ್ಲಿ ಏನೂ ಇಲ್ಲ. ಇನ್ನೂ ಇಳಿಸಿದ. ಹೋಟೆಲ್ ಆಟ, ಎಂದಿತು ದಪ್ಪ, ಭಾರದ, ಸ್ವಲ್ಪ ಎಳೆದಂತಿದ್ದ ದನಿ. ಅಮ್ಮ, ಸ್ವಲ್ಪ ಆ ಕುಕ್ಕರ್ ಇಳಿಸಿ.

ಅತ್ತಿಗೆ ಬಾಯಿಗೆ ಸೆರಗು ಹಿಡಿದರು. "ಇದೇ," ಎಂದರು. "ಇದೇ ಅವರದ್ದು." ಅಣ್ಣ ತನ್ನ ಕುತ್ತಿಗೆಯನ್ನು ಮುಟ್ಟಿ ತೋರಿಸಿ, ಹೌದು ಎಂದು ತಲೆ ಆಡಿಸಿದ. ಅತ್ತಿಗೆ ಅವನ ತೋಳು ಹಿಡಿದುಕೊಂಡು ಅತ್ತರು. ಅಳುತ್ತಲೇ ನನ್ನ ಕಡೆ ತಿರುಗಿ, "ನೋಡಿದ್ಯಾ, ನಾನು ಮರೀಲಿಲ್ಲ," ಎಂದರು.

ಆ ದನಿಯ ಗುರುತು ನನಗೂ ಹತ್ತಿತು. ಅದು ಆಪರೇಷನ್ನಿಗೆ ಹಿಂದಿನ ಒಂದೆರಡು ವರ್ಷಗಳ ದನಿ. ಅಣ್ಣನ ಗಂಟಲು ಮೆಲ್ಲ ಮೆಲ್ಲನೆ ದಪ್ಪಗಾಗಿತ್ತು ಆಗ. ಹೋಟೆಲಿನವರ ಗಂಟಲು ಕೂತಿರುವುದು ನಮ್ಮವರಿಗೆ ಸುದ್ದಿಯೇ ಅಲ್ಲ. ಕೂಗಿ ಕೂಗಿ, ಒಗ್ಗರಣೆಯ ಘಾಟು ಕುಡಿದು, ಪ್ರತಿ ಹೋಟೆಲಿನಲ್ಲೂ ಇಬ್ಬರು ಮೂವರು ಹಾಗಿರುತ್ತಾರೆ. ಅಣ್ಣನಿಗೂ ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟೆವು. ಮೇಲಿಂದ ತಮಾಷೆ. ಗಲ್ಲಾದ ಮೇಲೆ ಕೂತ ಮೇಲೆ ಧಣಿಯ ಸ್ವರ ಬಂತು ಎಂದು ಹೋಟೆಲಿನವರು ಹೇಳುತ್ತಿದ್ದರು. ಅತ್ತಿಗೆಗೆ ಆ ಸ್ವರ ಬಹಳ ಹಿಡಿಸಿತ್ತು. ಈಗ ಕೇಳ್ಲಿಕ್ಕೆ ಚೆಂದ ಆಯ್ತು, ಗಂಡಸಿನ ಸ್ವರ ಅಂದ್ರೆ ಇದು, ಎಂದು ನನ್ನೆದುರೇ ಹೇಳಿದ್ದರು. ಅಣ್ಣ ನಾಚಿ, ಇನ್ನಷ್ಟು ದಪ್ಪ ಮಾಡಿ ಮಾತಾಡಿ ನಗಿಸಿದ್ದ. ಒಳಗೆ ಬೆಳೆಯುತ್ತಿದ್ದದ್ದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಾಗ ಬಹಳ ತಡವಾಗಿತ್ತು. ಅತ್ತಿಗೆಯ ಕಿವಿಯಲ್ಲಿ ಉಳಿದ ಗಂಡನ ಸ್ವರ ಎಂದರೆ ಆ ರೋಗದ ಸ್ವರ. ಅದು ಅವರಿಗೆ ಗೊತ್ತಿಲ್ಲ.

ನಾನು ಅಣ್ಣನ ಮುಖ ನೋಡಿದೆ. ಅವನು ಆಗಲೇ ನನ್ನನ್ನು ನೋಡುತ್ತಿದ್ದ. ಅತ್ತಿಗೆಯ ತಲೆಯ ಮೇಲಿಂದ, ತುಟಿಗೆ ಬೆರಳಿಟ್ಟು ತೋರಿಸಿದ. ಇಪ್ಪತ್ತು ವರ್ಷಗಳಿಂದ ಮಾತಿಲ್ಲದ ಮನುಷ್ಯ, ಮಾತಾಡಬೇಡ ಎಂದು ನನಗೆ ಹೇಳಿದ.

ಅತ್ತಿಗೆ ಕಣ್ಣೊರೆಸಿಕೊಂಡು, "ಇನ್ನು ಆ ಆಟವನ್ನೂ ತೋರಿಸಿ," ಎಂದರು. ಮುಗಿದ ಆಟವನ್ನು ಮತ್ತೆ ಟೇಪಿನಿಂದಲೇ ತುಂಬಬೇಕು, ಆ ವೇಗಕ್ಕೆ ಕಂಪ್ಯೂಟರ್ ಅದನ್ನು ಹಿಡಿಯುವುದಿಲ್ಲವೆಂದು ಅಣ್ಣನಿಗೆ ನನ್ನಷ್ಟೇ ಗೊತ್ತಿತ್ತು. ಹಿಡಿಯುವುದಿಲ್ಲವೇಕೆ ಎಂದು ಅವರು ಕೇಳಿದರೆ ಎಲ್ಲ ಹೊರಬೀಳುತ್ತದೆ. ಅವನು ಕೈ ಚಾಚಿ ಗೋಡೆಯ ಸ್ವಿಚ್ ಆರಿಸಿ, ಆಟ ಕೆಟ್ಟಿದೆ ಎಂಬಂತೆ ಅತ್ತಿಗೆಗೆ ಕೈ ಆಡಿಸಿ ತೋರಿಸಿದ. ಪರದೆ ಕಪ್ಪಾಯಿತು. ನನ್ನ ಪುಸ್ತಕಗಳನ್ನು ಕದ್ದು ಓದಿ, ಹೋಟೆಲಿನ ಕೆಲಸ ಮುಗಿಸಿ ಬಂದು, ಒಂದೊಂದೇ ಸಾಲು ಬರೆದ ಆಟ ಅದು. ಆ ಬೆಳಿಗ್ಗೆಯ ಮೇಲೆ ಅವನು ಅದನ್ನು ಮತ್ತೆ ಆಡಲಿಲ್ಲ, ಬೇಕು ಎಂದು ಕೇಳಲೂ ಇಲ್ಲ.

ಶೀಶೆಯ ಮುಚ್ಚಳ ತೆರೆದೇ ಇತ್ತು. ಅಣ್ಣ ಅದನ್ನು ನನ್ನ ಕಡೆಗೆ ಸರಿಸಿದ. ನಾನು ಮೋಟಾರಿನ ಬೆನ್ನಿನ ತೂತಿಗೆ ಒಂದು ಹನಿ ಬಿಟ್ಟೆ. ಸರಿ ಇಲ್ಲದ ಜಾಗದಲ್ಲಿ ನಾನು ಹನಿ ಬಿಟ್ಟದ್ದು ನನ್ನ ಕೆಲಸದ ಜೀವನದಲ್ಲೇ ಅದು ಮೊದಲು. ಒಣಗಲೆಂದು ಅಣ್ಣ ಅದಕ್ಕೆ ಉಫ್ ಎಂದು ಊದಲು ಹೋದ, ಬಾಯಿಂದ ಗಾಳಿ ಬರುವುದಿಲ್ಲವೆಂಬುದನ್ನು ಮರೆತು. ಅತ್ತಿಗೆ ಬಗ್ಗಿ ಊದಿದರು.

ಅಣ್ಣ ಕಳೆದ ಮಳೆಗಾಲದಲ್ಲಿ ಹೋದ. ಈ ಸಲ ರೋಗ ಶ್ವಾಸಕೋಶದಲ್ಲಿತ್ತು. ಹೆಚ್ಚು ದಿನ ಮಲಗಲಿಲ್ಲ. ಕೊನೆಯಲ್ಲಿ ಚಪ್ಪಾಳೆಗೂ ಕೈ ಏಳುತ್ತಿರಲಿಲ್ಲ. ಮಂಚದ ಕಬ್ಬಿಣಕ್ಕೆ ಉಂಗುರದ ಬೆರಳಿನಿಂದ ತಟ್ಟುತ್ತಿದ್ದ, ಅತ್ತಿಗೆ ಅಡುಗೆಮನೆಯಿಂದ "ಬಂದೆ, ಬಂದೆ," ಎನ್ನುತ್ತಾ ಓಡುತ್ತಿದ್ದರು.

ಈಗ ಸಂಜೆ ದೀಪ ಹಚ್ಚಿದ ಮೇಲೆ ಅವರು ಆ ಕ್ಯಾಸೆಟ್ ಹಾಕುತ್ತಾರೆ. ಫೋನಿಗೂ ಹಾಕಿಕೊಟ್ಟಿದ್ದೇನೆ, ಆದರೆ ಅವರಿಗೆ ಆ ಬಟನ್ ಒತ್ತಿಯೇ ಕೇಳಬೇಕು. ಪ್ಯಾಸೇಜಿನ ಈ ತುದಿಗೆ ನನಗೆ ಎಲ್ಲವೂ ಕೇಳಿಸುತ್ತದೆ. ಹೋಟೆಲ್ ಆಟ. ಸುರು. ಆಮೇಲಿನ ಕೀಚಲನ್ನೂ ಅವರು ನಿಲ್ಲಿಸುವುದಿಲ್ಲ, ಮುಗಿಯುವ ತನಕ ಕೂತು ಕೇಳುತ್ತಾರೆ. ಪಕ್ಕದ ಮನೆಯವರು ಟಿವಿಯ ಸದ್ದು ಹೆಚ್ಚು ಮಾಡುತ್ತಾರೆ. ನಿಲ್ಲಿಸಿ ಎಂದು ಬಂದು ಹೇಳಿದವರಿಲ್ಲ.

ಆ ಹುಡುಗನ ದನಿ ನನಗೆ ಬೇಕು. ಅಡುಗೆಮನೆಗೆ ಆರ್ಡರ್ ಕೂಗಿದ ದನಿ, ನನ್ನ ಬೆನ್ನಿಗೆ ಗುದ್ದಿ ಓಡಿದವನ ದನಿ, ಇನ್ನೂ ಏನೂ ಆಗಿರದವನ ದನಿ. ಆ ಭಾನುವಾರ ಬೆಳಿಗ್ಗೆ ಮಾತ್ರ ಅದನ್ನು ಮತ್ತೆ ಕೇಳಿದೆ. ಬೇರೊಂದು ರೆಕಾರ್ಡರಿನಲ್ಲಿ ಹಾಕಿದರೆ ಇನ್ನೂ ಸಿಕ್ಕೀತು, ಆದರೆ ಅಣ್ಣ ತುಟಿಗಿಟ್ಟ ಬೆರಳು ನನ್ನ ಕೈ ತಡೆಯುತ್ತದೆ. ದಿನದಿಂದ ದಿನಕ್ಕೆ ಅದು ನನ್ನ ಕಿವಿಯಿಂದಲೂ ಜಾರುತ್ತಿದೆ, ಮತ್ತು ಅದಕ್ಕಾಗಿ ನಾನು ಅಳುತ್ತೇನೆ.

ಮೊನ್ನೆ ಅತ್ತಿಗೆ ಕಂಪ್ಯೂಟರನ್ನು ಎದೆಗವಚಿಕೊಂಡು ನನ್ನ ಬಾಗಿಲಿಗೆ ಬಂದರು. "ಅವರ ಆಟ ನಾನು ನೋಡ್ಲೇ ಇಲ್ಲ. ಈ ಕ್ಯಾಸೆಟ್ಟಿಂದ ಅದು ಬರುವ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ? ನಿಂಗೆ ಆಗದ್ದು ಎಂತ ಉಂಟು?"

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಕೆಂಪು ಹನಿಯನ್ನು ಕೆರೆದು, ಸ್ಕ್ರೂವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ಸಾಕಿತ್ತು.

"ಆಗುದಿಲ್ಲ ಅತ್ತಿಗೆ," ಎಂದೆ.